ಮೇವು ಇಟ್ಟರೂ ತಲೆ ಎತ್ತದ ಎತ್ತು

ಕಾರಹುಣ್ಣಿಮೆ ಕಳೆದು ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ನಮ್ಮ ಹುಲಗೂರಿನ ಮನೆಯಲ್ಲಿ ಜೋಡೆತ್ತು ಮಾಡುವ ಕೆಲಸ ನನ್ನದು. ಈ ಸಲ ಹುಬ್ಬಳ್ಳಿಯಿಂದ ಬಂದಿದ್ದ ಅಣ್ಣನ ಮಗಳು, "ಅತ್ತಿ, ಇನ್ನೊಂದು ಎತ್ತು ಮಾಡಿಕೊಡ್ರಿ, ಅದಕ್ಕ ಜೀವಾ ತುಂಬತೀನಿ" ಎಂದಳು. ಇಂಜಿನಿಯರಿಂಗ್ ಓದುವ ಹುಡುಗಿ. ಒಣಗಿದ ಎತ್ತನ್ನು ರಟ್ಟಿನ ಪೆಟ್ಟಿಗೆಯ ಮೇಲೆ ನಿಲ್ಲಿಸಿ, ಒಳಗೆ ಆರ್ಡುಯಿನೋ ಎಂಬ ಪುಟ್ಟ ಬೋರ್ಡು, ಬ್ಯಾಟರಿ, ಬಜರ್ ಇಟ್ಟಳು. 2005ರಲ್ಲಿ ಇಟಲಿಯ ಇವ್ರಿಯಾದಲ್ಲಿ ವಿದ್ಯಾರ್ಥಿಗಳಿಗೆಂದೇ ಮಾಡಿದ ಬೋರ್ಡಂತೆ ಅದು. ಎತ್ತಿನ ಬಾಯಿಯ ಮುಂದೆ, ಮೇವು ಇಡುವ ಜಾಗದಲ್ಲಿ ಒಂದು ಗುಂಡಿ. ಒತ್ತಿದರೆ ಒಂದು ರಾಗ, ಕೊಂಬಿನಲ್ಲಿ ದೀಪದ ಮಿನುಗು. ಪ್ರೋಗ್ರಾಮನ್ನು ಅವಳು ಬರೆಯಲಿಲ್ಲ. ಬೇಕಾದದ್ದನ್ನು ಮಾತಿನಲ್ಲಿ ಹೇಳಿದಳು. ಕಂಪ್ಯೂಟರಿನ ಕೃತಕ ಬುದ್ಧಿಮತ್ತೆ ನಿಮಿಷದೊಳಗೆ ಬರೆದುಕೊಟ್ಟಿತು.

"ಭಾಳ ಚೆಂದ ಆಗೇತಿ" ಎಂದೆ. ಆಟಿಕೆ ನೋಡಿ ಆಡಿದ ಮಾತಲ್ಲ, ಹುಡುಗಿಯ ಮುಖ ನೋಡಿ ಆಡಿದ್ದು.

ನಿಜವಾದ ವಿಮರ್ಶೆ ಬಂದದ್ದು ಆರು ವರ್ಷದ ಮೊಮ್ಮಗಳಿಂದ. ಗುಂಡಿ ಒತ್ತಿದಳು, ಎತ್ತು ರಾಗ ಶುರುಮಾಡಿತು. ಮತ್ತೆ ಒತ್ತಿದಳು, ಮತ್ತೆ ಮತ್ತೆ ಒತ್ತಿದಳು. ರಾಗ ಮುಗಿಯುವತನಕ ಎತ್ತಿಗೆ ಪರಿವೆಯೇ ಇಲ್ಲ. "ಮೇವು ಇಟ್ರೂ ನೋಡವಲ್ದು. ತಂದು ತಾನ ಹಾಡಕೋತ ನಿಂತೈತಿ" ಎಂದು ಎದ್ದುಹೋದಳು.

ಅಣ್ಣನ ಮಗಳ ಮುಖ ಸಣ್ಣದಾಯಿತು. "ಯಾಕ ಹಿಂಗ?" ಎಂದು ಕೇಳಿದರೆ ಅವಳಿಗೂ ಗೊತ್ತಿಲ್ಲ. ರಾತ್ರಿ ಕುಳಿತು ಆ ಪ್ರೋಗ್ರಾಮನ್ನು ಸಾಲುಸಾಲಾಗಿ ಓದಿದಳು. ಒಂದೊಂದು ಸ್ವರಕ್ಕೂ 'ಡಿಲೇ' ಎಂಬ ಆಜ್ಞೆ ಇತ್ತು. ಇಷ್ಟು ಹೊತ್ತು ಸುಮ್ಮನೆ ನಿಲ್ಲು ಎಂದು ಅದರ ಅರ್ಥ. ನಿಂತಷ್ಟು ಹೊತ್ತು ಬೋರ್ಡು ಗುಂಡಿಯ ಕಡೆ ನೋಡುವುದಿಲ್ಲ. ಹಾಲು ಕಾಯಲಿಟ್ಟು ಪಾತ್ರೆಯನ್ನೇ ದಿಟ್ಟಿಸುತ್ತ ನಿಂತವಳಿಗೆ ಬಾಗಿಲು ಬಡಿದದ್ದು ಕೇಳದ ಹಾಗೆ. ನಾವು ಹಾಗೆ ನಿಲ್ಲುತ್ತೇವೆಯೇ? ಕಾಯಿಪಲ್ಯ ಹೆಚ್ಚುತ್ತ, ಆಗಾಗ ಹಾಲಿನತ್ತ ಕಣ್ಣು ಹಾಯಿಸುತ್ತ, ಬಾಗಿಲಿಗೂ ಕಿವಿ ಕೊಟ್ಟಿರುತ್ತೇವೆ. ಬೋರ್ಡಿಗೂ ಅದನ್ನು ಕಲಿಸಬಹುದಂತೆ: 'ಮಿಲಿಸ್' ಎಂಬ ಗಡಿಯಾರ ನೋಡುತ್ತ ಸ್ವರ ಬದಲಿಸುವುದು, ನಡುನಡುವೆ ಗುಂಡಿಯನ್ನೂ ನೋಡುವುದು. ಮಗು ದೂರಿದ ಮಾತನ್ನೇ ಹೇಳಿ ಕೇಳಿದಾಗ ಅದೇ ಕೃತಕ ಬುದ್ಧಿಮತ್ತೆ ಹಾಗೆಯೇ ತಿದ್ದಿಕೊಟ್ಟಿತು.

ಅಂದರೆ ಉತ್ತರ ಅದಕ್ಕೆ ಗೊತ್ತಿತ್ತು. ಕೇಳಬೇಕಾದ ಪ್ರಶ್ನೆ ನಮ್ಮಲ್ಲಿರಲಿಲ್ಲ. ಅದು ಮಗುವಿನ ಹತ್ತಿರ ಇತ್ತು. 1967ರಲ್ಲಿ ಸೀಮೋರ್ ಪ್ಯಾಪರ್ಟ್ ಮತ್ತು ಸಂಗಡಿಗರು ಅಮೆರಿಕದಲ್ಲಿ ಮಕ್ಕಳಿಗಾಗಿ 'ಲೋಗೋ' ಎಂಬ ಕಂಪ್ಯೂಟರ್ ಭಾಷೆ ರೂಪಿಸಿದಾಗ, ಅಲ್ಲಿ ಆಜ್ಞೆ ಕೊಡುವವರು ಮಕ್ಕಳೇ ಆಗಿದ್ದರು. ನಮ್ಮ ಎತ್ತಿನ ದೊಡ್ಡ ಕೊರತೆ ಇದೇ ಎಂದು ನನಗೆ ಅನಿಸುತ್ತದೆ: ಮಗುವಿಗೆ ಅದು ಉಳಿಸಿದ್ದು ಒತ್ತುವುದೊಂದೇ ಕೆಲಸ. ಪ್ರೋಗ್ರಾಂ ಸುಲಭವಾಗಿ ಸಿಗುವ ಈ ಕಾಲದಲ್ಲಿ ಆಟಿಕೆ ಮಾಡುವವರು ಉಳಿದ ಸಮಯವನ್ನು ಮಗುವಿನ ಪಕ್ಕದಲ್ಲಿ ಕೂರಲು ಬಳಸಬೇಕು.

ಮರುದಿನ ಎತ್ತು ಮೇವಿಗೆ ತಲೆ ಎತ್ತಲಿಲ್ಲವಾದರೂ, ಇಟ್ಟಾಗಲೆಲ್ಲ ಹಾಡು ನಿಲ್ಲಿಸಿ 'ಟಿಣ್' ಎಂದಿತು. ಮೊಮ್ಮಗಳು ನಕ್ಕಳು. ಸ್ವಲ್ಪ ಹೊತ್ತಿಗೆ ಜಗಲಿಯಿಂದ ಜೋಡೆತ್ತನ್ನು ತಂದು ಪಕ್ಕದಲ್ಲಿಟ್ಟು, ಮೂರಕ್ಕೂ ಹುಲ್ಲು ಹಾಕಿ, ಆ ಎರಡರ ಗಂಟೆಯ ಸದ್ದನ್ನು ತಾನೇ ಬಾಯಲ್ಲಿ ಮಾಡಿದಳು.

"ಅತ್ತಿ, ಖರೇ ಹೇಳ್ರಿ, ಹೆಂಗ ಆಗೇತಿ?" ಎಂದಳು ಅಣ್ಣನ ಮಗಳು.

"ನಿನ್ನಿಗಿಂತ ಚಲೋ ಐತಿ. ಆದ್ರ ಆಕಿ ಮಾಡೂ ಸದ್ದು ಇನ್ನೂ ಚಲೋ ಐತಿ" ಎಂದೆ. ಈ ಸಲ ಅವಳ ಮುಖ ನೋಡದೆ ಹೇಳಿದೆ.