ಮಾದಕದ್ರವ್ಯದ ಚಿತ್ರಪಟ: ವೀರವೋ, ಹಾಸ್ಯವೋ?

ಅಮಲಿನಿಂದ ಬಡಕುಟುಂಬಗಳು ಹಾಳಾಗುವ ಕಥೆಯನ್ನು ಯಾವ ರಸದಲ್ಲಿ ಹೇಳಬೇಕು? ಕರುಣದಲ್ಲಿಯೆಂದು ಮೊದಲು ತೋರುವದು. ಆದರೆ ಬಡವನ ಕೇಡಿನಲ್ಲಿ ವ್ಯಾಪಾರಿಯೂ ಅಧಿಕಾರಿಯೂ ಪಾಲುಗಾರರಾಗಿರುವಾಗ ಕಣ್ಣೀರೊಂದೇ ಸಾಲದು. ಅಲ್ಲಿ ವಿಡಂಬನೆ ಬೇಕಾಗುವದು. ಇದು ಹೊಸ ಮಾತಲ್ಲ. ಏಳನೆಯ ಶತಮಾನದಲ್ಲಿ ಪಲ್ಲವ ದೊರೆ ಮಹೇಂದ್ರವರ್ಮನು ರಚಿಸಿದ 'ಮತ್ತವಿಲಾಸ ಪ್ರಹಸನ'ದಲ್ಲಿ ಕುಡುಕ ಕಾಪಾಲಿಕನು ತನ್ನ ಕಪಾಲವನ್ನು ಕಳೆದುಕೊಂಡು ಬೌದ್ಧಭಿಕ್ಷುವಿನ ಮೇಲೆ ಕಳವಿನ ಆರೋಪ ಹೊರಿಸುವನು. ನ್ಯಾಯಸ್ಥಾನದ ಮಾತು ಬಂದಾಗ ಅವನ ಸಂಗಾತಿ ದೇವಸೋಮೆಯು, ವಿಹಾರಗಳ ಸಂಪತ್ತುಳ್ಳ ಭಿಕ್ಷುವು ಅಧಿಕಾರಿಗಳ ಬಾಯಿ ತುಂಬಿಸಬಲ್ಲನು, ಬೂದಿ ಬಳಿದುಕೊಳ್ಳುವ ಬಡವರಾದ ನಮಗೆ ಅಲ್ಲೇನು ಕೆಲಸವೆಂಬರ್ಥದಲ್ಲಿ ನುಡಿಯುವಳು. ಅಮಲು, ಬಡತನ, ಲಂಚ ಮೂರೂ ಒಂದೇ ನಗೆಯಲ್ಲಿ ಕೂಡಿರುವವು.

ಅಭಿಷೇಕ ಚೌಬೆಯವರು ನಿರ್ದೇಶಿಸಿದ 'ಉಡ್ತಾ ಪಂಜಾಬ್' (2016) ಎಂಬ ಹಿಂದಿ ಚಿತ್ರಪಟವು ಈ ದಾರಿಯದು. ಆರಂಭದಲ್ಲಿ ಗಡಿಯಾಚೆಯ ಒಬ್ಬನು ಕ್ರೀಡಾಂಗಣದಲ್ಲಿ ಚಕ್ರವನ್ನೆಸೆಯುವಂತೆ ಹೆರಾಯಿನಿನ ಗಂಟನ್ನು ಈಚೆಗೆ ಎಸೆಯುವನು. ಅದು ಬೀಳುವದು ಬಿಹಾರದಿಂದ ಕೂಲಿಗೆ ಬಂದ ಹುಡುಗಿಯೊಬ್ಬಳ ಹೊಲದ ದುಡಿಮೆಯೊಳಗೆ. ಬಡವಳಿಗೆ ಒಲಿದ ಆ ಭಾಗ್ಯವೇ ಅವಳಿಗೆ ಉರುಳಾಗುವದು. ಇನ್ನೊಂದು ಕಡೆಗೆ ಸರತಾಜನೆಂಬ ಪೋಲೀಸನು ನಾಕಾದಲ್ಲಿ ಹಣ ಪಡೆದು ಲಾರಿಗಳನ್ನು ದಾಟಿಸುತ್ತಿರುವನು. ದಾಟಿಸಿದ ವಿಷವು ಅವನ ತಮ್ಮನ ಮೈಯನ್ನೇ ಸೇರುವದು. ಲಂಚಕ್ಕೆ ಇದಕ್ಕಿಂತ ಕಠಿನವಾದ ಪರಿಹಾಸ್ಯ ಯಾವದು?

ಬಡವರ ದುಃಖವನ್ನು ನಗೆಗೆ ಈಡುಮಾಡುವದು ಯೋಗ್ಯವೇ ಎಂದು ಕೆಲವರು ಕೇಳಬಹುದು. ನಗೆಯ ಪೆಟ್ಟು ಯಾರಿಗೆ ತಾಗುವದೆಂಬುದೇ ಇಲ್ಲಿ ಒರೆಗಲ್ಲು. ಚಿತ್ರವು ಆ ಕೂಲಿಯ ಹುಡುಗಿಯನ್ನು ಕಂಡು ಒಮ್ಮೆಯೂ ನಗುವದಿಲ್ಲ. ನಗುವದು ಪಾಲು ತಿಂದವರನ್ನು ಕಂಡು. ಅಂತೆಯೇ ಅದು ಅಧಿಕಾರಸ್ಥರಿಗೆ ರುಚಿಸಲಿಲ್ಲ. ಪರಿಶೀಲನ ಮಂಡಳಿಯು ಪಂಜಾಬದ ಹೆಸರನ್ನೂ ತೆಗೆಯಹೇಳಿತು. 2016ನೆಯ ಜೂನ್ 13ರಂದು ಮುಂಬಯಿಯ ಉಚ್ಚ ನ್ಯಾಯಾಲಯವು ಒಂದೇ ಕತ್ತರಿಯೊಡನೆ ಅದರ ಬಿಡುಗಡೆಗೆ ಅಪ್ಪಣೆ ಕೊಟ್ಟಿತು.

ದೋಷವಿಲ್ಲವೆಂದಲ್ಲ. ಅಮಲುಗಾರ ಗಾಯಕನ ಭಾಗದಲ್ಲಿ ಹಾಸ್ಯವು ಬೀಭತ್ಸಕ್ಕೆ ಜಾರುವದು. ಕೊನೆಗೆ ಸರತಾಜನು ಗುಂಡು ಹಾರಿಸಿ ಲೆಕ್ಕ ತೀರಿಸುವಾಗ ವಿಡಂಬನೆಯು ಸೋತು ವೀರದ ಮೊರೆಹೋಗುವದು.

ಕನ್ನಡದಲ್ಲಿ ದುನಿಯಾ ವಿಜಯ್ ಅವರು ನಿರ್ದೇಶಿಸಿ ತಾವೇ ನಾಯಕರಾದ 'ಭೀಮ' (2024) ಆರಂಭದಿಂದಲೇ ವೀರವನ್ನು ಆಶ್ರಯಿಸಿದೆ. ಬೆಂಗಳೂರಿನ ಬಡಕೇರಿಗಳ ಹುಡುಗರು ಮಾದಕದ್ರವ್ಯಕ್ಕೆ ಬಲಿಯಾಗುವದನ್ನು ಮರೆಮಾಚದೆ ತೋರಿಸಿದ್ದು ಅದರ ಮೇಲ್ಮೆ. ಗಿರಿಜೆಯೆಂಬ ಪೋಲೀಸ ಅಧಿಕಾರಿಣಿಯ ಪಾತ್ರದಲ್ಲಿ ಪ್ರಿಯಾ ಶಠಮರ್ಷಣರ ಅಭಿನಯವು ಓಜಸ್ವಿಯಾದದ್ದು. ಆದರೆ ನಾಯಕನ ತೋಳಿನಿಂದ ಖಳನು ನೆಲಕ್ಕುರುಳಿದೊಡನೆ ಪ್ರೇಕ್ಷಕನು ಚಪ್ಪಾಳೆ ತಟ್ಟಿ ನಿರ್ದೋಷಿಯಾಗಿ ಮನೆಗೆ ತೆರಳುವನು. ನೂರು ಕೈಗಳ ಪಾಲಿನಿಂದ ನಡೆಯುವ ವ್ಯಾಪಾರವು ಒಂದು ಮುಷ್ಟಿಗೆ ಮುರಿಯುವದುಂಟೇ? ವೀರವು ನಮ್ಮನ್ನು ಬಿಡುಗಡೆಮಾಡುವದು. ವಿಡಂಬನೆಯು ಕಟಕಟೆಗೆ ಎಳೆಯುವದು.

ವಿಡಂಬನೆಯು ನಮ್ಮ ನೆಲಕ್ಕೆ ಪರಕೀಯವೂ ಅಲ್ಲ. ಹಿರೇಕೆರೂರ ತಾಲೂಕಿನ ಅಬಲೂರು, ರಟ್ಟೀಹಳ್ಳಿ ತಾಲೂಕಿನ ಮಾಸೂರುಗಳೊಡನೆ ಹೆಸರು ಕೂಡಿರುವ ಸರ್ವಜ್ಞನು ಯಾವ ದೊಡ್ಡಸ್ತಿಕೆಗೂ ಅಂಜಲಿಲ್ಲ. ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರು 'ರಾಮಧಾನ್ಯಚರಿತೆ'ಯಲ್ಲಿ ಬತ್ತದ ಗರ್ವವನ್ನು ಬಡವರ ರಾಗಿಯಿಂದ ಮುರಿಸಿದರು. ಈ ಬಗೆಯ ನಗೆಯನ್ನು ಬಲ್ಲ ಕನ್ನಡ ನಿರ್ದೇಶಕನೊಬ್ಬನು ಈ ವಿಷಯವನ್ನು ಕೈಗೆತ್ತಿಕೊಳ್ಳಲಿ. ಖಳನನ್ನು ಕೊಲ್ಲುವ ನಾಯಕನಿಗಿಂತ, ನಾಕಾದಲ್ಲಿ ಕೈಚಾಚುವವನನ್ನು ನಾಚಿಸುವ ಒಂದು ನಗೆಯಿಂದ ಹುಡುಗರಿಗೆ ಹೆಚ್ಚಿನ ಉಪಕಾರವಾದೀತು.