ಕಪ್ ಬಂದು ಹೋಯಿತು, ಕೋಚ್ ಬರಲಿಲ್ಲ

ತೆಲಂಗಾಣದ ‘ಸಿಎಂ ಕಪ್’ ಸರಿಯಾದ ಕಡೆಯಿಂದ ಶುರುವಾಗುವ ಕ್ರೀಡಾಕೂಟ. 2024ರ ಡಿಸೆಂಬರಿನಲ್ಲಿ ಅದು ಗ್ರಾಮ ಪಂಚಾಯಿತಿಯಲ್ಲಿ ಆರಂಭವಾಗಿ ಮಂಡಲ, ಜಿಲ್ಲೆ ದಾಟಿ ರಾಜ್ಯಮಟ್ಟಕ್ಕೆ ಹೋಯಿತು. ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಮಟ್ಟಿಗೆ ಇದು ಸಣ್ಣ ಸಂಗತಿಯಲ್ಲ. 1956ರವರೆಗೆ ಮೊದಲೆರಡು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗದಲ್ಲಿತ್ತು. ರಾಜ್ಯ ಬದಲಾದರೂ ಇವು ಅಂಚಿನಲ್ಲೇ ಉಳಿದವು. 2002ರ ರಾಷ್ಟ್ರೀಯ ಕ್ರೀಡಾಕೂಟ, 2003ರ ಆಫ್ರೋ-ಏಷ್ಯನ್ ಕ್ರೀಡಾಕೂಟ ಹೈದರಾಬಾದಿಗೆ ದೊಡ್ಡ ಕ್ರೀಡಾಂಗಣಗಳನ್ನು ಕೊಟ್ಟವು. ನೂರು ಕಿಲೋಮೀಟರ್ ಆಚೆಯ ಹಳ್ಳಿಯ ಹುಡುಗಿ ದಿನಾ ಸಂಜೆ ಅಲ್ಲಿಗೆ ಓಡಲು ಹೋಗುವುದು ಹೇಗೆ? 2023ರ ಫೆಬ್ರವರಿಯಲ್ಲಿ ಹುಸೇನ್ ಸಾಗರದ ದಂಡೆಯಲ್ಲಿ ನಡೆದ ಫಾರ್ಮುಲಾ ಇ ಕಾರ್ ರೇಸಂತೂ ನಗರದ ಹೆಸರಿಗಾಗಿ ನಡೆದದ್ದು; ಮರುವರ್ಷದ ರೇಸ್ ರದ್ದಾಯಿತು.

ಹಾಗಾಗಿ ನನ್ನ ಮೆಚ್ಚುಗೆ ಸಿಎಂ ಕಪ್‌ಗೇ. ನನ್ನ ತಕರಾರೂ ಅದರ ಮೇಲೆಯೇ. ಹಳ್ಳಿಯ ಮಟ್ಟದಲ್ಲಿ ಸೋತವರಿಗೆ ಈ ಕೂಟ ಒಂದೆರಡು ದಿನದಲ್ಲಿ ಮುಗಿದುಹೋಗುತ್ತದೆ. ಆಮೇಲೆ ಅವರನ್ನು ಕೇಳುವವರು ಯಾರು? 2022ರಲ್ಲಿ ಸರ್ಕಾರ ಊರೂರಿಗೆ ‘ಕ್ರೀಡಾ ಪ್ರಾಂಗಣ’ ಘೋಷಿಸಿತು. ಕಬಡ್ಡಿ, ಖೋಖೋ, ವಾಲಿಬಾಲಿಗೆ ಜಾಗ, ಕಸರತ್ತಿಗೆ ಕಬ್ಬಿಣದ ಕಂಬಿ, ಎಲ್ಲವೂ ಯೋಜನೆಯಲ್ಲಿದ್ದವು. ಕಲಿಸುವವರ ಸಂಬಳ ಮಾತ್ರ ಯಾರ ಲೆಕ್ಕದಲ್ಲೂ ಬರಲಿಲ್ಲ. ಆಡಿಸುವವರಿಲ್ಲದ ಅಂಗಳದಲ್ಲಿ ಹುಲ್ಲು ಬೆಳೆಯಲು ಒಂದು ಮಳೆಗಾಲ ಸಾಕು.

ಈ ಭಾಗದ ಜಾತ್ರೆಗಳ ಕುಸ್ತಿಯನ್ನು ನೋಡಿದವರಿಗೆ ಗೊತ್ತು: ತೆಂಗಿನಕಾಯಿಯ ಪಂದ್ಯದಿಂದ ಶುರುವಾಗಿ ಕೊನೆಯ ಜೋಡಿಗೆ ಬೆಳ್ಳಿ ಕಡಗ. ಕರ್ನಾಟಕ, ಮಹಾರಾಷ್ಟ್ರದ ಪೈಲ್ವಾನರೂ ಇಳಿಯುತ್ತಾರೆ. ಯಾವ ಸರ್ಕಾರದ ಆದೇಶವೂ ಇಲ್ಲದೆ ಇದು ಬಾಳುತ್ತಿರುವುದಕ್ಕೆ ಕಾರಣ ಬಹುಮಾನವಲ್ಲ. ವರ್ಷವಿಡೀ ನಡೆಯುವ ತಾಲೀಮು, ಕಲಿಸುವ ಉಸ್ತಾದ. ಜಾತ್ರೆ ಆ ಅಭ್ಯಾಸದ ಫಲ. ಸಿಎಂ ಕಪ್ ಮಾತ್ರ ಫಲವನ್ನೇ ಬೇರು ಎಂದುಕೊಂಡಿದೆ. ಲಂಡನ್ನಿನಂಥ ಶ್ರೀಮಂತ ನಗರವೂ ಇದೇ ನಂಬಿಕೆಯಲ್ಲಿ ಎಡವಿತು: 2012ರ ಒಲಿಂಪಿಕ್ಸ್ ಜನರನ್ನೆಲ್ಲ ಆಟಕ್ಕೆ ಇಳಿಸುತ್ತದೆಂಬ ಭರವಸೆ ಹೇಳಿದಷ್ಟು ಈಡೇರಲಿಲ್ಲ.

ಜಹೀರಾಬಾದಿಗೆ ಹೈದರಾಬಾದಿಗಿಂತ ಬೀದರ್ ಬಹಳ ಹತ್ತಿರ. ಮಣ್ಣಿನಲ್ಲಿ ಪಳಗಿದ ಪೈಲ್ವಾನನಿಗೆ ಮ್ಯಾಟ್ ಕುಸ್ತಿಯ ನಿಯಮ ಕಲಿಸಲು ಆ ಕಡೆಯ ತರಬೇತುದಾರರು ಬರಬಹುದು, ಈ ಕಡೆಯ ಮಕ್ಕಳು ಅಲ್ಲಿಗೆ ಹೋಗಬಹುದು. ಎರಡು ಸರ್ಕಾರಗಳು ಕೂತು ಮಾತಾಡಿದರೆ ಆಗುವ ಕೆಲಸವಿದು. ಮುಂದಿನ ಕಪ್‌ನ ದಿನಾಂಕ ಸಾರುವ ಮೊದಲು ಮಂಡಲಕ್ಕೊಬ್ಬ ಕಾಯಂ ತರಬೇತುದಾರರನ್ನು ತೆಲಂಗಾಣ ಸರ್ಕಾರ ನೇಮಿಸಲಿ.