ನಳಿಗೆಯ ಹಿಂಬದಿಯ ಲೆಕ್ಕ

ರೈಫಲ್ ಕೈಗೆ ಬಂದರೆ ಬಲ್ಲವರೂ ಮೊದಲು ಬೆಳಕಿಗೆ ಹಿಡಿದು ನೋಡುವುದು ನಳಿಗೆಯ ಒಳಗನ್ನು: ಸುರುಳಿ ಗೆರೆ ಉಳಿದಿದೆಯೇ, ತುಕ್ಕು ತಿಂದಿದೆಯೇ ಎಂದು. ಸವೆದಿದ್ದರೆ ಹೊಸ ನಳಿಗೆ ಹಾಕಿಸಿದರಾಯಿತು ಎಂಬುದು ಮುಂದಿನ ಮಾತು. ಗುರಿಯ ವಿಷಯದಲ್ಲಿ ಅದು ನಿಜ. ಆದರೆ ನಳಿಗೆ ಬದಲಿಸುವಾಗ ಗುಂಡು ಹಾರಿಸುವವನ ಕಣ್ಣು, ಕೆನ್ನೆ, ಕೈಗಳನ್ನು ಕಾಯುವ ಕೆಲಸ ನಡೆಯುವುದು ನಳಿಗೆಯ ಹಿಂಬದಿಯಲ್ಲಿ. ಅಲ್ಲಿ ತೋಟಾ ಕೂರುವ ಜಾಗಕ್ಕೂ ಅದನ್ನು ಹಿಂದಿನಿಂದ ತಡೆದು ನಿಲ್ಲುವ ಬೋಲ್ಟಿಗೂ ನಡುವಿನ ಅಳತೆಗೆ ಹೆಡ್‌ಸ್ಪೇಸ್ ಎನ್ನುತ್ತಾರೆ. ಈ ಅಳತೆಯನ್ನು ಗೇಜಿನಿಂದ ನೋಡದೆ ಬಿಟ್ಟ ನಳಿಗೆ, ಎಷ್ಟೇ ಹೊಸದಾಗಿರಲಿ, ಎಷ್ಟೇ ಬಿಗಿಯಾಗಿ ಕೂತಿರಲಿ, ಕೆಲಸ ಮುಗಿದ ನಳಿಗೆಯಲ್ಲ ಎಂಬುದು ನನ್ನ ವಾದ.

ನಮ್ಮ ಸೀಮೆಯಲ್ಲಿ ಈ ಎಚ್ಚರ ಬೇರೂರದೆ ಇರುವುದಕ್ಕೆ ಕಾರಣವಿದೆ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದಲ್ಲಿ ತಯಾರಾದ, ಹುಲಿಪಟ್ಟೆಯ ಗುರುತು ಹೊತ್ತ ಬಂದೂಕುಗಳು ಚಕಮಕಿ ಕಲ್ಲಿನವು. ಮದ್ದು, ಗುಂಡು ಎರಡನ್ನೂ ಬಾಯಿಯಿಂದಲೇ ತುಂಬಬೇಕಿತ್ತು. ಕೊತ್ತತ್ತಿಯ ಕಬ್ಬು, ಭತ್ತದ ಬಯಲಿನಿಂದ ಮಳವಳ್ಳಿಯ ಕಾಡಂಚಿನವರೆಗೆ ರೈತರು ಬೆಳೆ ಕಾಯಲು ಪರವಾನಗಿ ಪಡೆದು ಇಟ್ಟುಕೊಳ್ಳುವ ಕೇಪಿನ ಕೋವಿಯ ಬಗೆಯೂ ಅದೇ. ಇಂಥ ಕೋವಿಯ ಹಿಂಬದಿ ತಿರುಪಿನ ಬೆಣೆಯಿಂದ ಮುಚ್ಚಿರುತ್ತದೆ. ತೋಟಾ ಇಲ್ಲ, ಬೋಲ್ಟು ಇಲ್ಲ. ಆದ್ದರಿಂದ ಹೆಡ್‌ಸ್ಪೇಸಿನ ಪ್ರಶ್ನೆಯೂ ಇಲ್ಲ. ನಳಿಗೆ ಗಟ್ಟಿಯಾಗಿದ್ದರೆ ಸಾಕು ಎಂಬ ನಂಬಿಕೆ ಆ ಕೋವಿಗೆ ಬಹುಮಟ್ಟಿಗೆ ಸರಿ. ಅದೇ ನಂಬಿಕೆಯನ್ನು ತೋಟಾ ಹಾಕುವ ರೈಫಲ್‌ಗೆ ಹೊರಿಸಿದಾಗ ಅಪಾಯ ಶುರುವಾಗುತ್ತದೆ.

ರೈಫಲ್‌ನಲ್ಲಿ ಒತ್ತಡವನ್ನು ಮೊದಲು ತಡೆಯುವುದು ಉಕ್ಕಲ್ಲ, ತೆಳುವಾದ ಹಿತ್ತಾಳೆ. ಪಿನ್ನು ಬಡಿದಾಗ ತೋಟಾ ಮುಂದಕ್ಕೆ ಸರಿಯುತ್ತದೆ. ಮದ್ದು ಉರಿದಾಗ ಅದರ ಗೋಡೆ ಉಬ್ಬಿ ನಳಿಗೆಯೊಳಗೆ ಕಚ್ಚಿಕೊಳ್ಳುತ್ತದೆ. ಹಿಂದೆ ಜಾಗ ಹೆಚ್ಚಿದ್ದರೆ ಬುಡ ಮಾತ್ರ ಬೋಲ್ಟು ಸಿಗುವವರೆಗೂ ಹಿಂದಕ್ಕೆ ಜಗ್ಗುತ್ತದೆ. ಬುಡದ ಮೇಲುಗಡೆ ಹಿತ್ತಾಳೆ ಉಂಗುರದಂತೆ ತೆಳ್ಳಗಾಗುತ್ತದೆ. ಮಿತಿ ಮೀರಿದರೆ ಅಲ್ಲೇ ತುಂಡಾಗಿ, ಬಿಸಿ ಅನಿಲ ಹಿಂದಕ್ಕೆ ನುಗ್ಗುತ್ತದೆ. ಜಾಗ ಕಡಿಮೆಯಾದರೆ ಬೋಲ್ಟು ಮುಚ್ಚುವುದೇ ಇಲ್ಲ.

ಸೈನ್ಯ, ಪೊಲೀಸ್, ಎನ್‌ಸಿಸಿಗಳ ಮೂಲಕ ನಮ್ಮವರಿಗೆ ಚೆನ್ನಾಗಿ ಪರಿಚಯವಾದ .303 ಲೀ-ಎನ್‌ಫೀಲ್ಡ್ ಇದಕ್ಕೆ ಒಳ್ಳೆಯ ಸಾಕ್ಷಿ. ಅದರ ತೋಟಾ ಬುಡದ ಅಂಚಿನ ಮೇಲೆ ನಿಲ್ಲುತ್ತದೆ. ಅದಕ್ಕೆ ಬೇಕಾದ ಕನಿಷ್ಠ ಜಾಗ 0.064 ಅಂಗುಲ, ಸೇವೆಯಲ್ಲಿರುವ ರೈಫಲ್‌ಗೆ ಕೊನೆಯ ಮಿತಿ 0.074. ನಡುವಿನ ಅಂತರ ಕಾಲು ಮಿಲಿಮೀಟರ್ ಮಾತ್ರ. ಅಳತೆಯನ್ನು ಈ ಮಿತಿಯೊಳಗೆ ತರಲೆಂದೇ ನಂ. 4 ರೈಫಲ್‌ಗೆ 0ಯಿಂದ 3ರವರೆಗೆ ಸಂಖ್ಯೆ ಹೊತ್ತ, ಒಂದಕ್ಕಿಂತ ಒಂದು ತುಸು ಉದ್ದನೆಯ ಬೋಲ್ಟ್ ತಲೆಗಳನ್ನು ಮಾಡಿದ್ದರು. ಲಕ್ಷಗಟ್ಟಲೆ ರೈಫಲ್ ತಯಾರಿಸಿದ ಕಾರ್ಖಾನೆಗಳೇ ನಳಿಗೆಯಿಂದ ನಳಿಗೆಗೆ ವ್ಯತ್ಯಾಸ ಬರುತ್ತದೆಂದು ಒಪ್ಪಿ ಏರ್ಪಾಡು ಮಾಡಿಕೊಂಡಿರುವಾಗ, ಒಂದೇ ಲೇತಿನ ಮುಂದೆ ನಿಂತ ಕೆಲಸಗಾರ ಕಣ್ಣಂದಾಜನ್ನು ನಂಬುವುದಕ್ಕೆ ಆಧಾರವೇನಿದೆ?

ಅಳತೆ ತಪ್ಪಿದ ಹಳೆಯ ರೈಫಲ್‌ಗಳು ದಶಕಗಟ್ಟಲೆ ಏನೂ ಆಗದೆ ಹಾರಿಲ್ಲವೇ ಎಂದು ಕೇಳುವವರಿದ್ದಾರೆ. ಹಾರಿವೆ. ಹೊಸ ಹಿತ್ತಾಳೆಗೆ ಸ್ವಲ್ಪ ಜಗ್ಗುವ ಗುಣವಿದೆ, ಅದು ಪ್ರತಿ ಸಲವೂ ತಪ್ಪನ್ನು ನುಂಗಿಕೊಂಡಿದೆ. ಆದರೆ ಅದು ತೋಟಾದ ಗುಣವೇ ಹೊರತು ರೈಫಲ್‌ನ ಯೋಗ್ಯತೆಯಲ್ಲ. ಹಿತ್ತಾಳೆ ಹಳತಾಗಿದ್ದ ದಿನ ಆ ರಕ್ಷಣೆ ಇರುವುದಿಲ್ಲ. ಇನ್ನೊಂದು ಆಕ್ಷೇಪ ಹೊಸ ತಂತ್ರದ್ದು. 1958ರಲ್ಲಿ ಬಂದ ಅಮೆರಿಕದ ಸ್ಯಾವೇಜ್ 110 ರೈಫಲ್‌ನಲ್ಲಿ ನಳಿಗೆಯನ್ನು ಹಿಡಿದಿಡುವುದು ಒಂದು ನಟ್ಟು. ಇಷ್ಟು ಸುಲಭವಾದ ಮೇಲೆ ಕುಶಲಕರ್ಮಿ ಯಾಕೆ ಎನ್ನುತ್ತಾರೆ. ಆ ನಟ್ಟು ಲೇತಿನ ಶ್ರಮವನ್ನು ಉಳಿಸಿತು ನಿಜ, ಅಳತೆಯ ಅಗತ್ಯವನ್ನು ತಪ್ಪಿಸಲಿಲ್ಲ. ಅಲ್ಲಿಯೂ ಕನಿಷ್ಠ ಅಳತೆಯ ಗೋ ಗೇಜಿನ ಮೇಲೆ ಬೋಲ್ಟು ಮುಚ್ಚಬೇಕು, ಗರಿಷ್ಠ ಅಳತೆಯ ನೋ-ಗೋ ಗೇಜಿನ ಮೇಲೆ ಮುಚ್ಚಬಾರದು.

ಕಾನೂನೂ ಈ ಕೆಲಸವನ್ನು ಹಗುರವಾಗಿ ಕಂಡಿಲ್ಲ. ಬಂದೂಕಿನ ದುರಸ್ತಿಗೆ, ಪರೀಕ್ಷೆಗೆ ಪರವಾನಗಿ ಬೇಕೆಂದು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ಹೇಳುತ್ತದೆ. ಕೊಡವರಿಗೂ ಜಮ್ಮಾ ಜಮೀನಿನ ಹಿಡುವಳಿದಾರರಿಗೂ 2029ರವರೆಗೆ ಮುಂದುವರಿದಿರುವ, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿದ ಪರವಾನಗಿ ವಿನಾಯಿತಿ ಕೋವಿ ಇಟ್ಟುಕೊಳ್ಳುವ ಹಕ್ಕನ್ನು ಕಾಯುತ್ತದೆ. ಕೋವಿ ಸುರಕ್ಷಿತವಾಗಿದೆ ಎಂದು ಯಾರಿಗೂ ಭರವಸೆ ಕೊಡುವುದಿಲ್ಲ. ಆ ಭರವಸೆ ಕೊಡಬಲ್ಲದ್ದು ಗೇಜು ಮಾತ್ರ. ಹಾಗಾಗಿ ಪರವಾನಗಿ ಉಳ್ಳ ದುರಸ್ತಿಗಾರರು ನಳಿಗೆ ಬದಲಿಸಿದಾಗಲೆಲ್ಲ ಗೇಜು ಹಾಕಿ ನೋಡಿದ ಅಳತೆಯನ್ನು ರಸೀದಿಯಲ್ಲೇ ಬರೆದುಕೊಡಲಿ. ಆ ಅಂಕಿ ಕಾಣದೆ ಹಣ ಕೊಡದಿರುವುದು, ರೈಫಲನ್ನು ಮನೆಗೆ ತರದಿರುವುದು ಮಾಲೀಕರ ಪಾಲಿನ ಕೆಲಸ.